ಟುರಿನ್‌ನ ಹಳೇ ಫೋಟೋಗಳು, ಪಕ್ಕದ ಮನೆಯ ಅಜ್ಜಿಯ ಜೊತೆ

ಉತ್ತರ ಇಟಲಿಯ ಟುರಿನ್ ಅಂದರೆ ನಮ್ಮ ಕಡೆಯವರಿಗೆ ಫಿಯಟ್ ಕಾರು, ಇಲ್ಲವೇ ಯುವೆಂಟಸ್ ಫುಟ್‌ಬಾಲ್. ಓದೋಕೆ ಅಂತ ಬಂದ ನನಗೂ ಅಷ್ಟೇ ಗೊತ್ತಿದ್ದದ್ದು. ನವೆಂಬರಿನ ಒಂದು ಶನಿವಾರ, ಜಿಟಿಜಿಟಿ ಮಳೆ. ಪಕ್ಕದ ಮನೆಯ ಅಜ್ಜಿ ‘ಸುಮ್ನೆ ಮನೇಲಿ ಕೂತು ಏನು ಮಾಡ್ತೀಯ, ಬಾ’ ಎಂದು ಹಳೇ ಫೋಟೋಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಅವರದು ಇಟಲಿಯ ತೀರಾ ದಕ್ಷಿಣದ ಕಲಾಬ್ರಿಯ. ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪನ ಕೆಲಸದ ಹಿಂದೆ ಇಲ್ಲಿಗೆ ಬಂದವರು.

ಮೊದಲ ಗೋಡೆಯ ತುಂಬಾ ಪೋರ್ತಾ ನುವೋವಾ ಸ್ಟೇಷನ್. ದಕ್ಷಿಣದಿಂದ ರಾತ್ರಿಯಿಡೀ ಓಡಿ ಬರುತ್ತಿದ್ದ ‘ಸೂರ್ಯನ ರೈಲು’ ಇಳಿದ ಜನ. ಹಗ್ಗ ಬಿಗಿದ ರಟ್ಟಿನ ಸೂಟ್‌ಕೇಸುಗಳು. ಒಬ್ಬನ ಕೋಟಿನ ತೋಳು ಬೆರಳು ಮುಚ್ಚುವಷ್ಟು ಉದ್ದ. ‘ಅಣ್ಣನದ್ದೋ ಮಾವನದ್ದೋ ಇರಬೇಕು. ನಮ್ಮೂರಲ್ಲಿ ಇಂಥ ಚಳಿಯ ಕೋಟು ಮನೆಗೊಂದಿದ್ದರೆ ಜಾಸ್ತಿ’ ಎಂದರು ಅಜ್ಜಿ.

1951ರಲ್ಲಿ ಈ ಊರಿನ ಜನಸಂಖ್ಯೆ ಸುಮಾರು 7 ಲಕ್ಷ. 1971ರ ಹೊತ್ತಿಗೆ 11 ಲಕ್ಷ ದಾಟಿತ್ತು. ಬಂದವರಿಗೆ ಕಾನೂನೇ ಅಡ್ಡಗಾಲು ಹಾಕುತ್ತಿತ್ತು. ಮುಸೊಲಿನಿ ಕಾಲದ 1939ರ ಕಾನೂನಿನ ಪ್ರಕಾರ ಕೆಲಸ ಇಲ್ಲದಿದ್ದರೆ ಊರಲ್ಲಿ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಕೆಲಸ ಇಲ್ಲ. ಯುದ್ಧ ಮುಗಿದು ಹದಿನಾರು ವರ್ಷವಾದ ಮೇಲೆ, 1961ರಲ್ಲಿ, ಅದು ರದ್ದಾಯಿತು. ವೀಸಾ ಕಾಗದ ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಂದಿನ ಫೋಟೋ ಒಂದು ಬಾಗಿಲಿನದು. ಅದರ ಮೇಲೆ ಚೀಟಿ: ‘ದಕ್ಷಿಣದವರಿಗೆ ಮನೆ ಬಾಡಿಗೆಗೆ ಇಲ್ಲ’. ನಾನು ಮನೆ ಹುಡುಕುವಾಗ ಫೋನಿನಲ್ಲಿ ಖಾಲಿ ಇದ್ದ ರೂಮು, ನನ್ನ ಹೆಸರು ಹೇಳಿದ ಕೂಡಲೇ ‘ಈಗಷ್ಟೇ ಹೋಯ್ತು’ ಆಗುತ್ತಿತ್ತು. ಚೀಟಿ ಅಂಟಿಸಿದವನೇ ವಾಸಿ ಅನಿಸಿತು, ಅಲ್ವಾ? ಓಡಾಡೋ ಬಸ್ ಚಾರ್ಜಾದರೂ ಉಳೀತಿತ್ತು.

ಅಜ್ಜಿಗೆ ನಗು. ಆಗ ಉತ್ತರದವರು ಆಡಿಕೊಳ್ಳುತ್ತಿದ್ದ ಒಂದು ಮಾತಿದೆಯಂತೆ: ದಕ್ಷಿಣದವರಿಗೆ ಮನೆ ಕೊಟ್ಟರೆ ಸ್ನಾನದ ತೊಟ್ಟಿಯಲ್ಲಿ ಬೇಸಿಲ್ ಸೊಪ್ಪು ಬೆಳೀತಾರೆ ಅಂತ. ‘ಎರಡು ಕೋಣೆ, ಐದು ಜನ. ಕಕ್ಕಸು ಬಾಲ್ಕನಿಯ ತುದಿಯಲ್ಲಿ, ಇಡೀ ಮಹಡಿಗೆ ಒಂದೇ. ತೊಟ್ಟಿ ಇದ್ದಿದ್ದರೆ ತಾನೇ ಸೊಪ್ಪು ಬೆಳೆಯೋದು!’

ಆಮೇಲೆ ಮಿರಾಫಿಯೋರಿ ಕಾರ್ಖಾನೆ. ಸಾಲು ಸಾಲು ಫಿಯಟ್ 600, ಇಸ್ತ್ರಿ ಮಾಡಿದ ಮೇಲಂಗಿ ತೊಟ್ಟ ಕೆಲಸಗಾರರು. ಜೊತೆಗೆ 1961ರಲ್ಲಿ ದೇಶ ಒಂದಾದ ನೂರನೇ ವರ್ಷದ ಮೇಳ, ಅದಕ್ಕೆಂದೇ ಕಟ್ಟಿದ ಮೊನೊರೈಲು. ನೋಡೋಕೆ ಚೆಂದ. ಅಜ್ಜಿ ಮಾತ್ರ ಇಲ್ಲಿ ನಿಲ್ಲಲೇ ಇಲ್ಲ. ‘ಇದೆಲ್ಲ ಕಂಪನಿಯವರು ತೆಗೆಸಿದ್ದು. ಅಪ್ಪ ಮನೆಗೆ ಬರುವಾಗ ಅಂಗಿ ಹೀಗಿರುತ್ತಿರಲಿಲ್ಲ.’

ನಾನೂ ಹಿಂದಿರುಗಿ ಮತ್ತೊಮ್ಮೆ ನೋಡಿದೆ. ಹೌದು. ಸ್ಟೇಷನ್, ಬಾಗಿಲು, ಕಾರ್ಖಾನೆ, ಮೇಳ. ಪತ್ರಿಕೆಯವರು, ಕಂಪನಿಯವರು ಎಲ್ಲಿಗೆ ಹೋದರೋ ಅಲ್ಲಿಗೆ ಮಾತ್ರ ಕ್ಯಾಮೆರಾ ಹೋಗಿದೆ. ಅಟ್ಟದ ಕೋಣೆಗಳಲ್ಲಿ ಒಬ್ಬ ಎದ್ದು ಪಾಳಿಗೆ ಹೊರಟ ಮೇಲೆ ಅದೇ ಹಾಸಿಗೆಯಲ್ಲಿ ಇನ್ನೊಬ್ಬ ಮಲಗುತ್ತಿದ್ದನಲ್ಲ, ಆ ಹಾಸಿಗೆಯ ಫೋಟೋ ಎಲ್ಲೂ ಇಲ್ಲ. ರಾತ್ರಿ ಹೊತ್ತು ಬೇರೆಯವರ ಬಟ್ಟೆ ಹೊಲಿಯುತ್ತಿದ್ದ ಅಜ್ಜಿಯ ಅಮ್ಮನೂ ಇಲ್ಲ.

ಕೊನೆಯಲ್ಲಿ ಭಾನುವಾರದ ಪಾರ್ಕು, ಪುಟ್ಟ ಫಿಯಟ್ 500ಕ್ಕೆ ಒರಗಿ ನಿಂತ ಕುಟುಂಬ. ಅಜ್ಜಿಯ ಅಪ್ಪನೂ ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡರಂತೆ. ಆಗಸ್ಟ್ ರಜೆಗೆ ಐವರೂ ಅದರಲ್ಲೇ ತುಂಬಿಕೊಂಡು ಕಲಾಬ್ರಿಯಕ್ಕೆ ಹೋಗಿ, ಕಾಲಡಿ ಎಣ್ಣೆ ಡಬ್ಬ ಇಟ್ಟುಕೊಂಡು ವಾಪಸ್ಸಾದರಂತೆ. ‘ಅದರ ಫೋಟೋ ಇದೆಯಾ?’ ಅಂದೆ.

‘ಕ್ಯಾಮೆರಾ ಎಲ್ಲಿಂದ ಬರಬೇಕು ಮಾರಾಯ? ದುಡ್ಡೆಲ್ಲ ಕಾರಿನ ಕಂತಿಗೇ ಹೋಯ್ತು.’