ಬ್ಯಾಟರಿ ಸೋರಿದ ಪಾಲಿಸಿಕ್ಸ್

ಜುಲೈನ ಒಂದು ಭಾನುವಾರ, ಮಾಟುಂಗಾದ ಮನೆಯಲ್ಲಿ ಬಿಚ್ಚಿದ್ದು 1981ರ ಮಾದರಿಯ ಕೊರ್ಗ್ ಪಾಲಿಸಿಕ್ಸ್ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ. ಆರು ಸ್ವರ ಒಟ್ಟಿಗೆ ನುಡಿಯುತ್ತದೆ, 32 ಪ್ರೋಗ್ರಾಂ (ಹೊಂದಿಸಿಟ್ಟ ನಾದಗಳು) ನೆನಪಿಟ್ಟುಕೊಳ್ಳುತ್ತದೆ. ಆ ನೆನಪು ಉಳಿಸಲು ಕೂರಿಸಿದ ಬ್ಯಾಟರಿಯೇ ಇದರ ಯಮ. ಹಾಗಾಗಿ ಹಳೆಯದು ಕೈಗೆ ಬಂದರೆ ಪ್ಲಗ್ ಚುಚ್ಚುವ ಮೊದಲು ಮುಚ್ಚಳ ತೆಗೆಯಬೇಕು. ಹಿಂಬದಿಯ ಚೀಟಿಯನ್ನೂ ಓದಿ: ಜಪಾನಿನಲ್ಲಿ ಮಾರಿದ್ದಾದರೆ 100 ವೋಲ್ಟ್. ನಮ್ಮ 230ಕ್ಕೆ ನೇರ ಹಚ್ಚಿದರೆ ಹೊಗೆಯೇ ಗತಿ.

ಕೆಎಲ್‌ಎಂ-367 ಎಂಬ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿರುವುದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಸೋರಿದರೆ ಬಟನ್‌ಗಳು ಮಾತು ಕೇಳುವುದಿಲ್ಲ, ದೀಪಗಳು ಮನಬಂದಂತೆ ಉರಿಯುತ್ತವೆ. ಸೋರಿದ್ದು ಆಸಿಡ್ ಎಂದುಕೊಂಡು ಅಡುಗೆ ಸೋಡಾ ಹಚ್ಚುವವರಿದ್ದಾರೆ. ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕ್ಷಾರ; ಬೇಕಾಗುವುದು ಬಿಳಿ ವಿನೆಗರ್. ಬ್ಯಾಟರಿ ಕಿತ್ತು, ಹಳೇ ಟೂತ್‌ಬ್ರಷ್‌ನಿಂದ ವಿನೆಗರ್ ಉಜ್ಜಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಮುಂಬೈ ಮಳೆಗಾಲದಲ್ಲಿ ತಾನಾಗಿ ಒಣಗಲಿ ಎಂದು ಬಿಟ್ಟರೆ ಆಗದು. ಹೇರ್ ಡ್ರೈಯರ್‌ನ ಹದ ಬಿಸಿ ಹಿಡಿಯಬೇಕು.

ನಿಜವಾದ ಕೆಲಸ ಆಮೇಲಿನದು. ಹಸಿರು ಲೇಪದಡಿ ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಹೊಳೆಯುವವರೆಗೂ ಬ್ಲೇಡಿನಿಂದ ಕೆರೆಯಬೇಕು. ನಂತರ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ ತೆಳ್ಳಗೆ ಬೆಸುಗೆ ಹರಡಬೇಕು. ಕಣ್ಣಿಗೆ ಚೆನ್ನಾಗಿ ಕಂಡ ತಾಮ್ರದ ಗೆರೆಯೂ ಒಳಗೆ ತುಂಡಾಗಿರಬಹುದು. ಸರ್ಕ್ಯೂಟ್ ನಕ್ಷೆ ಪಕ್ಕಕ್ಕಿಟ್ಟುಕೊಂಡು ಒಂದೊಂದನ್ನೂ ಮಲ್ಟಿಮೀಟರ್‌ನಲ್ಲಿ ಬೀಪ್ ಕೇಳಿಸಿಕೊಂಡೇ ಮುಂದೆ ಹೋಗಬೇಕು. ಬೀಪ್ ಬರದಲ್ಲಿ ತುಂಡಾದ ಗೆರೆಯ ಎರಡು ತುದಿ ಜೋಡಿಸಲು 30 ಗೇಜ್ ವೈರಿನ ಜಂಪರ್. ಐಸಿ (ಚಿಪ್) ಕೂರುವ ಸಾಕೆಟ್ ಹಸಿರಾಗಿದ್ದರೆ ತೊಳೆಯುತ್ತ ಕೂರಬೇಡಿ, ಬದಲಿಸಿ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಅಗ್ಗಕ್ಕೇ ಸಿಗುತ್ತದೆ.

ಕಿತ್ತ ಬ್ಯಾಟರಿಯ ಜಾಗಕ್ಕೆ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಸಾಕು. ಹೋಲ್ಡರನ್ನು ವೈರ್ ಎಳೆದು ಬೋರ್ಡಿನಿಂದ ದೂರ ಅಂಟಿಸಿ. ಇದು ಚಾರ್ಜ್ ಆಗುವ ಸೆಲ್ ಅಲ್ಲ. ಕರೆಂಟ್ ಒಳಹರಿದರೆ ಉಬ್ಬಿ ಒಡೆಯಬಹುದು. ಹಾಗಾಗಿ ಪ್ಲಸ್ ತಂತಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4148 ಡಯೋಡ್ ಸೇರಿಸಲೇಬೇಕು, ಪಟ್ಟಿ ಇರುವ ತುದಿ ಬೋರ್ಡಿನ ಕಡೆಗೆ. ಹಳೆಯ ಪ್ರೋಗ್ರಾಂಗಳು ಹೇಗೂ ಅಳಿಸಿರುತ್ತವೆ. ಮೂಲ ಪ್ರೋಗ್ರಾಂಗಳಿರುವ ಫ್ಯಾಕ್ಟರಿ ಕ್ಯಾಸೆಟ್‌ನ ಆಡಿಯೊ ಫೈಲ್ ಇದ್ದರೆ ಫೋನಿನಿಂದಲೇ ಟೇಪ್ ಇನ್‌ಪುಟ್‌ಗೆ ಕೊಟ್ಟು ತುಂಬಿಸಬಹುದು. ಎರರ್ ಬಂದರೆ ಮೊದಲು ಫೋನಿನ ವಾಲ್ಯೂಮ್ ಏರಿಸಿ ನೋಡಿ, ಈಕ್ವಲೈಜರ್ ಆಫ್ ಮಾಡಿ.