ಅಜ್ಜಿಯ ಹಸೆ ಹಾಡು ಮತ್ತು ಎಂಟು ಮಿನಿ ಡಿವಿ ಕ್ಯಾಸೆಟ್

ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ಮನೆಗೆ ಹೋದಾಗ ಅಮ್ಮ ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟರು. ಒಳಗೆ ಎಂಟು ಮಿನಿ ಡಿವಿ ಕ್ಯಾಸೆಟ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು, ಅಷ್ಟೇ. 2005ರ ಮೇ ತಿಂಗಳಲ್ಲಿ ಅಕ್ಕನ ಮದುವೆಯನ್ನು ಚಿಕ್ಕಪ್ಪ ತಮ್ಮ ವಿಡಿಯೋ ಕ್ಯಾಮೆರಾದಲ್ಲಿ ಹಿಡಿದಿದ್ದರು.

"ಅಜ್ಜಿ ಹಸೆಗೆ ಕರೆಯೋ ಹಾಡು ಹೇಳಿದ್ದು ಇದರಲ್ಲೇ ಎಲ್ಲೋ ಇದೆ ಕಣೇ" ಅಂದರು ಅಮ್ಮ.

ಅಜ್ಜಿ ಹೋಗಿ ಹನ್ನೊಂದು ವರ್ಷ ಆಯಿತು. ಅವರ ದನಿ ನಮ್ಮ ಹತ್ತಿರ ಬೇರೆಲ್ಲೂ ಇಲ್ಲ.

ಚಿಕ್ಕಪ್ಪನ ಕ್ಯಾಮೆರಾ ಇನ್ನೂ ಇತ್ತು. ಬ್ಯಾಟರಿ ಸತ್ತಿತ್ತು. ಚಾರ್ಜರ್ ವೈರನ್ನು ನೇರ ಸಿಕ್ಕಿಸಿದರೆ ಓಡುತ್ತಿತ್ತು. ಬೆಂಗಳೂರಿಗೆ ತಂದು ಯುಎಸ್‌ಬಿ ವೈರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಮೆಮೊರಿ ಕಾರ್ಡಿನಲ್ಲಿದ್ದ ನಾಲ್ಕು ಫೋಟೋ ಕಾಣಿಸಿತು. ಕ್ಯಾಸೆಟ್ಟಿನ ವಿಡಿಯೋ ಮಾತ್ರ ಇಲ್ಲ. ತುಂಬಾ ಜನ ಇಲ್ಲಿಗೇ ಕೈಬಿಡುತ್ತಾರೆ. ಕ್ಯಾಸೆಟ್ ಹಾಳಾಗಿದೆ ಅಂದುಕೊಳ್ಳುತ್ತಾರೆ.

ಹಾಳಾಗಿರುವುದಿಲ್ಲ. ವಿಡಿಯೋ ಹೊರಬರುವ ಬಾಗಿಲು ಬೇರೆ. ಕ್ಯಾಮೆರಾದ ಬದಿಯಲ್ಲಿ 'ಡಿವಿ' ಎಂದು ಬರೆದ ಚಿಕ್ಕ ನಾಲ್ಕು ಪಿನ್ನಿನ ತೂತು ಇರುತ್ತದೆ. ಅದು ಫೈರ್‌ವೈರ್. ಅದಕ್ಕೇ ಐಇಇಇ 1394 ಅಂತಲೂ ಹೆಸರು. ಸೋನಿಯವರು ಐ.ಲಿಂಕ್ ಎಂದು ಕರೆದರು. ಇವತ್ತಿನ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ವೈರ್ ಆನ್‌ಲೈನಿನಲ್ಲಿ ಸಿಗುತ್ತದೆ. ದಯವಿಟ್ಟು ಕೊಳ್ಳಬೇಡಿ. ನಾನು ಕೊಂಡೆ, ಕೆಲಸ ಮಾಡಲಿಲ್ಲ. ಎರಡೂ ಮಾತಾಡುವ ರೀತಿಯೇ ಬೇರೆ. ನಡುವೆ ಬರೀ ತಂತಿ ಇದ್ದರೆ ಸಾಲದು.

ಭಾವನ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಎರಡು ಮಧ್ಯಾಹ್ನ ಅಲೆದು, ಅದಕ್ಕೆ ಫೈರ್‌ವೈರ್ ತೂತು ಸೇರಿಸುವ ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದೆ. ನೀವು ಹುಡುಕುವ ಮುಂಚೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಕಾರ್ಡ್ ಕೂರುವ ಸ್ಲಾಟ್ ನೋಡಿಕೊಳ್ಳಿ. ಹಳೇ ಪಿಸಿಐ ಸ್ಲಾಟೋ, ಪಿಸಿಐ ಎಕ್ಸ್‌ಪ್ರೆಸ್ಸೋ? ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ವಿಂಡೋಸ್ 10ರಲ್ಲಿ ಕಾರ್ಡ್ ಕಾಣಿಸಿತು, ಕ್ಯಾಮೆರಾ ಕಾಣಿಸಲಿಲ್ಲ. 1394ರ 'ಲೆಗಸಿ', ಅಂದರೆ ಹಳೇ, ಡ್ರೈವರ್ ಹಾಕಿದ ಮೇಲೆ ಸರಿಯಾಯಿತು.

ಮಲೆನಾಡಿನವರಿಗೆ ಒಂದು ಮಾತು. ಕ್ಯಾಸೆಟ್ ಹಾಕುವ ಮುಂಚೆ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬೆಳ್ಳಗೆ ಬೂಷ್ಟು ಕಂಡರೆ ಹಾಕಲೇಬೇಡಿ. ಅದು ಕ್ಯಾಮೆರಾದಲ್ಲಿ ಟೇಪ್ ಓದುವ ಹೆಡ್ಡಿಗೆ ಅಂಟಿಕೊಂಡು ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ನಮ್ಮ ಎಂಟರಲ್ಲಿ ಎರಡಕ್ಕೆ ಬೂಷ್ಟು ಹಿಡಿದಿತ್ತು. ಉಳಿದ ಆರನ್ನು ಒಂದು ಸಲ ಪೂರ್ತಿ ಮುಂದಕ್ಕೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿದೆ. ವರ್ಷಗಟ್ಟಲೆ ಸುಮ್ನೆ ಕೂತ ಟೇಪ್ ಸಡಿಲಾಗಿ ಓಡಬೇಕಲ್ವಾ?

ಇಲ್ಲಿ ಕಾಪಿ–ಪೇಸ್ಟ್ ಇಲ್ಲ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು. ವಿನ್‌ಡಿವಿ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ಬಳಸಿದೆ. ಗಂಟೆಯ ವಿಡಿಯೋಗೆ ಸುಮಾರು 13 ಜಿಬಿ ಜಾಗ ಬೇಕು. ವಿನ್‌ಡಿವಿಯ ಒಂದು ಗುಣ ನನಗೆ ತುಂಬಾ ಇಷ್ಟವಾಯಿತು. ಚಿತ್ರದ ಜೊತೆಗೆ ತಾರೀಖು, ಸಮಯವೂ ಟೇಪಿನಲ್ಲಿ ಕೂತಿರುತ್ತದೆ. ಚಿಕ್ಕಪ್ಪ ಗುಂಡಿ ಒತ್ತಿ ನಿಲ್ಲಿಸಿದ ಕಡೆಯೆಲ್ಲ ಅದು ಬೇರೆ ಫೈಲ್ ಮಾಡಿ, ಆ ಸಮಯವನ್ನೇ ಹೆಸರಾಗಿ ಇಡುತ್ತದೆ. ಫೈಲುಗಳ ಸಾಲು ನೋಡುತ್ತಾ ಹೋದರೆ ಮದುವೆಯ ದಿನವೇ ಕಣ್ಣ ಮುಂದೆ ಬಂತು. ಬೆಳಿಗ್ಗೆ ಏಳಕ್ಕೆ ಚಪ್ಪರ. ಎಂಟೂವರೆಗೆ ದಿಬ್ಬಣ.

ಆಮೇಲೆ ಪೆನ್‌ಡ್ರೈವ್ ಕಾಟ. ಧಾರೆಯನ್ನು ಚಿಕ್ಕಪ್ಪ ನಿಲ್ಲಿಸದೆ ಅರ್ಧ ಗಂಟೆ ಹಿಡಿದಿದ್ದರು. ಆ ಫೈಲ್ ಒಂದೇ ಆರೂವರೆ ಜಿಬಿ. ಪೆನ್‌ಡ್ರೈವಿನಲ್ಲಿ 60 ಜಿಬಿ ಖಾಲಿ ಇದ್ದರೂ ಫೈಲ್ ದೊಡ್ಡದಾಯಿತು ಎಂದು ಹಟ ಹಿಡಿಯಿತು. ಅದು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿದೆ, ಫೈಲ್ ಕಾಪಿ ಆಯಿತು. ಬದಲಿಸುವಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಿ.

ವಿನ್‌ಡಿವಿ ಮಾಡಿದ ಎವಿಐ ಫೈಲ್ ಅಮ್ಮನ ಟಿವಿಗೆ ಅರ್ಥವಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿದೆ. ಆಗ 'ಡೀಇಂಟರ್‌ಲೇಸ್' ಆನ್ ಮಾಡಿ. ಇಲ್ಲದಿದ್ದರೆ ಯಾರಾದರೂ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂತೆ ಗೆರೆ ಬರುತ್ತದೆ. ಎಂಪಿ4 ಬಂತೆಂದು ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ನಾನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಒಂದು ನನ್ನ ಹತ್ತಿರ, ಒಂದು ಅಕ್ಕನ ಹತ್ತಿರ.

ಹಾಡು ನಾಲ್ಕನೇ ಕ್ಯಾಸೆಟ್ಟಿನಲ್ಲಿತ್ತು. ಫೈಲಿನ ಹೆಸರು ಮೇ 12, ಬೆಳಿಗ್ಗೆ 9:47. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಾರೆ. ಮುಖ ಅರ್ಧ ನೆರಳಲ್ಲಿದೆ. ದನಿ ಮಾತ್ರ ಸ್ವಚ್ಛ.

ಸಂಕ್ರಾಂತಿಗೆ ಊರಿಗೆ ಹೋಗಿ ಟಿವಿಗೆ ಹಾಕಿದೆ. ಅಮ್ಮ ಎರಡು ಸಾಲು ಕೇಳಿದವರೇ ಎದ್ದು ಹೋದರು. ಅಳಲಿಕ್ಕೆ ಹೋದರೇನೋ ಅಂದುಕೊಂಡೆ. ತಮ್ಮ ಹಾಡಿನ ಪುಸ್ತಕ, ಪೆನ್ನು ತಂದು ಕೂತರು. "ನಿಲ್ಸೇ, ಸ್ವಲ್ಪ ಹಿಂದೆ ಹಾಕು. ಮೂರನೇ ನುಡಿ ನಂಗೆ ಮರೆತೇ ಹೋಗಿತ್ತು."

ಬೂಷ್ಟು ಹಿಡಿದ ಎರಡು ಕ್ಯಾಸೆಟ್ ಇನ್ನೂ ಡಬ್ಬಿಯಲ್ಲೇ ಇವೆ. ಅವನ್ನು ಬಿಚ್ಚಿ ಶುಚಿ ಮಾಡಬಲ್ಲವರು ನಿಮಗೆ ಗೊತ್ತಿದ್ದರೆ ತಿಳಿಸಿ.