ಲೊಟ್ಟೊ ನೇಯದ ಲೊಟ್ಟೊ ರತ್ನಗಂಬಳಿ

ವೆನಿಸ್‌ನಲ್ಲಿ ನಾವು ಮೊದಲು ಹುಡುಕಿಕೊಂಡು ಹೋಗಿದ್ದು ಸಾನ್ ಜ್ಯಾನಿಪೋಲೊ ಚರ್ಚನ್ನು. ರಿಯಾಲ್ಟೊ ಸೇತುವೆಯಿಂದ ಸಂದಿಗೊಂದಿಗಳಲ್ಲಿ ನಡೆದು, ಒಂದೆರಡು ಸಲ ಕಾಲುವೆ ಅಡ್ಡ ಬಂದು ವಾಪಸ್ ತಿರುಗಿ, ಕೊನೆಗೆ ಆ ದೊಡ್ಡ ಇಟ್ಟಿಗೆ ಚರ್ಚಿನ ಮುಂದೆ ನಿಂತೆವು. ವೆನಿಸ್ ಆಳಿದ 25 ಡೋಜ್‌ಗಳ ಸಮಾಧಿಗಳು ಇಲ್ಲಿವೆ. ನನ್ನ ಕಣ್ಣು ಮಾತ್ರ ಬಲಗಡೆಯ ಪಾರ್ಶ್ವದಲ್ಲಿರುವ ಒಂದು ಚಿತ್ರದ ಮೇಲೆ.

ಲೊರೆಂಜೊ ಲೊಟ್ಟೊ 1542ರಲ್ಲಿ ಬರೆದ ಚಿತ್ರ ಅದು. ಮೇಲೆ ಸಂತ ಆಂಟೋನಿನಸ್ ಕೂತಿದ್ದಾನೆ. ಇಬ್ಬರು ದೇವದೂತರು ಅವನ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಾರೆ. ಅವನ ಕೆಳಗೆ ಇಬ್ಬರು ಸಹಾಯಕರು. ಒಬ್ಬ ಬಡವರ ಅರ್ಜಿ ತಗೊಳ್ಳುತ್ತಿದ್ದಾನೆ, ಇನ್ನೊಬ್ಬ ದುಡ್ಡು ಹಂಚುತ್ತಿದ್ದಾನೆ. ತೀರಾ ಕೆಳಗೆ ಜನ, ಬರೀ ಚಾಚಿದ ಕೈಗಳು.

ಆ ಕೈಗಳಿಗೂ ಸಹಾಯಕರಿಗೂ ನಡುವಿನ ಕಟ್ಟೆಯ ಮೇಲೆ ಒಂದು ಟರ್ಕಿ ರತ್ನಗಂಬಳಿ ಇಳಿಬಿದ್ದಿದೆ. ಕೆಂಪು ನೆಲ, ಅದರ ತುಂಬ ಹಳದಿ ಬಳ್ಳಿ. ಬಳ್ಳಿ ಅಂದರೆ ನುಣುಪಾಗಿ ಬಾಗಿದ್ದಲ್ಲ. ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ. ಗಂಟು ಹಾಕಿ ನೇಯುವಾಗ ವಕ್ರರೇಖೆ ಬರುವುದೇ ಹಾಗೆ. ಕುಂಚಕ್ಕೆ ಆ ಕಟ್ಟು ಇಲ್ಲ, ಬೇಕಾದರೆ ನುಣುಪಾಗಿಯೇ ಎಳೆಯಬಹುದಿತ್ತು. ಲೊಟ್ಟೊ ಹಾಗೆ ಮಾಡಲಿಲ್ಲ. ನೇಯ್ದವರ ಕೈ ಹೇಗೆ ಹೋಗಿತ್ತೋ ಹಾಗೇ ತಾನೂ ಹೋದ. ನನಗೆ ಆ ಚರ್ಚಿನಲ್ಲಿ ತುಂಬ ಹಿಡಿಸಿದ್ದು ಇದೇ. ಕತ್ತು ನೋಯುವವರೆಗೂ ನೋಡಿದೆ.

ಇಂಥ ವಿನ್ಯಾಸಕ್ಕೆ ಇವತ್ತು ಜಗತ್ತೆಲ್ಲ ‘ಲೊಟ್ಟೊ ಕಾರ್ಪೆಟ್’ ಅಂತಲೇ ಹೆಸರು. ಆದರೆ ಅವನಿಗಿಂತ ಮೊದಲೇ, 1516ರಲ್ಲಿ, ಸೆಬಾಸ್ಟಿಯಾನೊ ಡೆಲ್ ಪಿಯೊಂಬೊ ಅನ್ನುವ ಇನ್ನೊಬ್ಬ ಇಟಲಿಯ ಚಿತ್ರಕಾರ ಇದನ್ನು ಚಿತ್ರಿಸಿದ್ದ.

ಮಾರನೇ ದಿನ ರೈಲು ಹತ್ತಿ ವೆರೋನಾಗೆ ಹೋದೆವು. ಸಾನ್ ಜೆನೊ ಚರ್ಚಿನಲ್ಲಿ ಮಾಂಟೆನ್ಯಾ 1459ರ ಹೊತ್ತಿಗೆ ಮುಗಿಸಿದ ಚಿತ್ರವಿದೆ. ಮಾತೆ ಮೇರಿಯ ಪಾದದ ಕೆಳಗೆ ಒಂದು ರತ್ನಗಂಬಳಿ. ಈ ಬಗೆಗೆ, ಇಂಥವನ್ನು ಚಿತ್ರಿಸಿದ ಜರ್ಮನ್ ಕಲಾವಿದನಿಂದಾಗಿ, ‘ಹೋಲ್ಬೈನ್’ ಅಂತ ಹೆಸರು. ಹೋಲ್ಬೈನ್ ಹುಟ್ಟಿದ್ದೇ ಸುಮಾರು 1497ರಲ್ಲಿ! ಹುಟ್ಟುವ ಮೊದಲೇ ಇಟಲಿಯ ಚಿತ್ರದಲ್ಲಿದ್ದ ಕಂಬಳಿಗೆ ಅವನ ಹೆಸರು ಬಂದಿದೆ ಅಂದರೆ ಆಶ್ಚರ್ಯ ಅಲ್ವಾ?

ಆಗಿನ ಯುರೋಪಿನಲ್ಲಿ ಇವನ್ನು ತುಳಿಯುತ್ತಿದ್ದುದು ಕಡಿಮೆ. ಬೆಲೆ ಅಷ್ಟಿತ್ತು. ಮೇಜಿನ ಮೇಲೆ ಹಾಸುತ್ತಿದ್ದರು, ಹಬ್ಬದ ದಿನ ಕಿಟಕಿಯಿಂದ ಇಳಿಬಿಡುತ್ತಿದ್ದರು. ನೆಲದ ಮೇಲೆ ಹಾಸಿದರೆ ಅದು ಮೇರಿಗೋ ಸಂತರಿಗೋ ರಾಜರಿಗೋ ಸಲ್ಲುವ ಗೌರವ.

ವೆನಿಸ್‌ನಿಂದ ವಿಮಾನ ಹಿಡಿದು ಇಸ್ತಾಂಬುಲ್‌ಗೆ ಬಂದೆವು. ಸುಲ್ತಾನ್‌ಅಹ್ಮೆತ್‌ನಲ್ಲಿ, ನೀಲಿ ಮಸೀದಿಯ ಎದುರಿಗೆ, ಇಬ್ರಾಹಿಂ ಪಾಷಾನ ಅರಮನೆ ಈಗ ಟರ್ಕಿ ಮತ್ತು ಇಸ್ಲಾಮಿಕ್ ಕಲೆಗಳ ಮ್ಯೂಸಿಯಂ. ಕೋನ್ಯಾದ ಅಲಾವುದ್ದೀನ್ ಮಸೀದಿಯಿಂದ ತಂದ ಸೆಲ್ಜುಕ್ ಕಾಲದ, ಅಂದರೆ ಆಟೊಮನ್ ಸುಲ್ತಾನರಿಗೂ ಮುಂಚಿನ, ಕಂಬಳಿಗಳೂ ಇಲ್ಲಿವೆ. ಆಮೇಲೆ ಪಶ್ಚಿಮ ಟರ್ಕಿಯ ಉಷಾಕ್ ಸೀಮೆಯವು. ಲೊಟ್ಟೊ, ಹೋಲ್ಬೈನ್ ಹೆಸರಿನ ಕಂಬಳಿಗಳು ಹೆಚ್ಚಾಗಿ ಆ ಕಡೆಯವೇ ಅನ್ನುತ್ತಾರೆ. ಚಿತ್ರದಲ್ಲಿ ಕಂಡ ಆ ಕೆಂಪು ಇಲ್ಲಿ ಉಣ್ಣೆಯಲ್ಲೇ ಇದೆ. ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಗಿಡದ ಬೇರಿನಿಂದ ತೆಗೆದ ಬಣ್ಣ ಅದು.

ಸವೆದ ಜಾಗದ ಹತ್ತಿರ ಬಗ್ಗಿ ನೋಡಿದರೆ ಕಟ್ಟುವ ಬಗೆಯೇ ಕಾಣುತ್ತದೆ. ಅಕ್ಕಪಕ್ಕದ ಎರಡು ಹಾಸುನೂಲಿಗೆ ಉಣ್ಣೆಯ ಎಳೆ ಸುತ್ತಿ, ಎರಡೂ ತುದಿಯನ್ನು ನಡುವಿನಿಂದ ಹೊರಗೆಳೆದು ಕತ್ತರಿಸುತ್ತಾರೆ. ಒಂದು ಸಾಲು ಮುಗಿದ ಮೇಲೆ ಹೊಕ್ಕು, ಆಮೇಲೆ ಮತ್ತೆ ಗಂಟು. ಇಡೀ ಕಂಬಳಿ ಹೀಗೇ.

ಇಷ್ಟು ಕೆಲಸ ಮಾಡಿದವರ ಹೆಸರು ಎಲ್ಲೂ ಉಳಿದಿಲ್ಲ. ಅದನ್ನು ನೋಡಿ ಚಿತ್ರ ಬರೆದವರ ಹೆಸರು ಉಳಿದಿದೆ. ನನಗೆ ಇದು ಸರಿಯೆನಿಸುವುದಿಲ್ಲ. ಕನಿಷ್ಠ ‘ಉಷಾಕ್’ ಅಂತ ಊರಿನ ಹೆಸರನ್ನಾದರೂ ಮೊದಲು ಹೇಳಬೇಕು, ಲೊಟ್ಟೊ, ಹೋಲ್ಬೈನ್ ಆಮೇಲೆ ಬರಲಿ. ಇಟಲಿ, ಟರ್ಕಿ ಎರಡೂ ಒಂದೇ ಪ್ರವಾಸದಲ್ಲಿ ಮಾಡುವವರಿದ್ದರೆ ಚಿತ್ರಗಳನ್ನು ಮೊದಲು ನೋಡಿ, ಇಸ್ತಾಂಬುಲ್ ಕೊನೆಗಿಟ್ಟುಕೊಳ್ಳಿ. ಮ್ಯೂಸಿಯಂಗೆ ಅರ್ಧ ದಿನವಾದರೂ ಬೇಕು.